ಟಿ.ಸಿ. ಕೊಟ್ಟ ಮೇಲೆ ಸತ್ತವರ ಲೆಕ್ಕ ಯಾರದು?



ಕಳೆದ ಕಾರ್ತಿಕದಲ್ಲಿ ಚನ್ನಪಟ್ಟಣದ ಹತ್ತಿರದ ಒಂದು ಊರಿಗೆ ಶಿವಗಣಾರಾಧನೆಗೆ ಹೋಗಿದ್ದೆ. ತೀರಿಕೊಂಡವನಿಗೆ ಇಪ್ಪತ್ತಾರು ವರ್ಷ. ಫೋಟೋಕ್ಕೆ ಹೂವಿನ ಹಾರ ಹಾಕಿ, ವಿಭೂತಿ ಇಟ್ಟಿದ್ದರು. ಅವರಪ್ಪ ಬೊಂಬೆ ಕಡೆಯುವ ಮಿಷನ್ನಿನ ಮೇಲೆ ಮೂವತ್ತು ವರ್ಷ ದುಡಿದವರು. ಅರಗಿನ ಬಣ್ಣ ಉಗುರಿನ ಸಂದಿಯಿಂದ ಇನ್ನೂ ಹೋಗಿರಲಿಲ್ಲ. ಪ್ರಸಾದಕ್ಕೆ ಕೂತಾಗ ಹುಡುಗನ ತಾಯಿ ನನ್ನ ಎದುರು ಬಂದು ನಿಂತರು. "ಮೇಷ್ಟ್ರೇ, ಗುರುತು ಸಿಕ್ತಾ? ನಿಮ್ಮ ಹಾಸ್ಟೆಲ್‌ನಾಗೆ ಮೂರು ವರ್ಸ ಇದ್ದ ನಮ್ ಹುಡುಗ. ನೀವು ತಿದ್ತೀರ ಅಂತ ತಾನೆ ಬಿಟ್ಟಿದ್ವಿ" ಎಂದರು. ಬೈಗುಳವಲ್ಲ ಅದು. ಬೈದಿದ್ದರೆ ಊಟ ಮಾಡಿ ಎದ್ದು ಬರುತ್ತಿದ್ದೆ.

ನಾನು ಮಾಗಡಿ ಕಡೆಯವನು. ಒಂದು ಖಾಸಗಿ ವಸತಿ ಶಾಲೆಯಲ್ಲಿ ಹನ್ನೊಂದು ವರ್ಷ ಕನ್ನಡ ಮೇಷ್ಟ್ರೂ ಹೌದು, ವಾರ್ಡನ್ನೂ ಹೌದು. ಆ ಶಾಲೆಯ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಓದುವವರೆಲ್ಲ 'ಓ, ಅಲ್ಲಿಯದು' ಎಂದು ನಿಟ್ಟುಸಿರು ಬಿಟ್ಟು ಪುಟ ತಿರುವಿಬಿಡುತ್ತಾರೆ. ಇದು ಎಲ್ಲಿಯದು ಅಲ್ಲ, ನಮ್ಮದು. ಆ ಹುಡುಗನಿಗೆ ಬೆತ್ತದಲ್ಲಿ ಹೊಡೆದವನು ನಾನು. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳಿದ ಮೇಲೂ ನನ್ನ ಮೇಜಿನ ಮೇಲೆ ಬೆತ್ತವಿತ್ತು. ಕಾನೂನು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು.

ಅಂದು ಮನೆಗೆ ಬಂದವನು ಹಳೆಯದೊಂದು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ನನಗೆ ತಿಳಿದಂತೆ ಸತ್ತ ಹಳೆಯ ಹುಡುಗರ ಹೆಸರು ಬರೆಯುತ್ತ ಹೋದೆ. ಏಳು ಹೆಸರಾದವು. ಒಬ್ಬನೂ ಮೂವತ್ತೈದು ದಾಟಿರಲಿಲ್ಲ. ಇಬ್ಬರು ತಮ್ಮ ಕೈಯಾರೆ ಹೋದವರು. ಇಬ್ಬರು ಕುಡಿತದಲ್ಲಿ, ಒಬ್ಬ ರಾತ್ರಿ ಬೈಕಿನಲ್ಲಿ, ಒಬ್ಬ ಕನಕಪುರ ಕಡೆಯ ಕಲ್ಲು ಕ್ವಾರಿಯಲ್ಲಿ. ಏಳನೆಯವನ ವಿಷಯ ಅವರ ಮನೆಯವರು ಬಾಯಿ ಬಿಡುವುದಿಲ್ಲ. ಈ ಏಳೂ ಮಂದಿಯನ್ನು ಶಾಲೆಯೇ ಕೊಂದಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ನಂಬಲೂಬೇಡಿ. ನನ್ನ ತಕರಾರು ಬೇರೆ. ಈ ಏಳು ಹೆಸರು ಒಂದೇ ಕಡೆ ಬರೆದಿರುವುದು ಜಗತ್ತಿನಲ್ಲಿ ಈ ಒಂದು ಹಾಳೆಯ ಮೇಲೆ ಮಾತ್ರ. ಶಾಲೆಯಲ್ಲಿಲ್ಲ, ಬಿ.ಇ.ಓ. ಕಚೇರಿಯಲ್ಲಿಲ್ಲ, ಪೊಲೀಸ್ ಠಾಣೆಯಲ್ಲಿಲ್ಲ, ಮಠದಲ್ಲಿಲ್ಲ.

ಆಡಳಿತ ಮಂಡಳಿಯ ಹಿರಿಯರೊಬ್ಬರ ಹತ್ತಿರ ಹೋಗಿ ಹಳೆಯ ದಾಖಲಾತಿ ರಿಜಿಸ್ಟರ್ ನೋಡಬೇಕು ಎಂದೆ. ಯಾಕೆ ಎಂದರು. ಹೇಳಿದೆ. "ಅಲ್ಲ ಮೇಷ್ಟ್ರೇ, ಟಿ.ಸಿ. ಕೊಟ್ಟ ಮೇಲೆ ಅವರು ಏನಾದ್ರೋ ನಮಗ್ಯಾಕೆ? ರಿಟೈರಾಗಿ ಆರಾಮಾಗಿರೋದು ಬಿಟ್ಟು" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಪ್ರತಿ ವರ್ಷ ಬಸವ ಜಯಂತಿಗೆ ತಮ್ಮ ಖರ್ಚಿನಲ್ಲಿ ಪಾನಕ ಕೋಸಂಬರಿ ಹಂಚುವವರು. ಆ ಮಾತು ಅಂಥವರ ಬಾಯಲ್ಲಿ ಬಂತು ಎಂಬುದಕ್ಕೇ ಈ ಲೇಖನ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ, ಮಾತು ಕೇಳದ ಹುಡುಗನಿಗೆ ತಂದೆತಾಯಿ ಹೇಳುವ ಒಂದು ಮಾತಿದೆ: "ಬಿಗಿಯಾಗಿರೋ ಹಾಸ್ಟೆಲ್ಗೆ ಹಾಕ್ಬಿಡ್ತೀನಿ ನೋಡು." ಹಾಸ್ಟೆಲ್ಲು ನಮ್ಮ ಜನರ ಬಾಯಲ್ಲಿ ಮೊದಲು ಅನ್ನ, ಅಕ್ಷರ, ಆಶ್ರಯ ಎಂಬ ಅರ್ಥದಲ್ಲಿತ್ತು. ಯಾವಾಗ ಅದು ಠಾಣೆಯ ಅರ್ಥಕ್ಕೆ ತಿರುಗಿತೋ ನೋಡಿ. ನನ್ನ ಹತ್ತಿರ ಸೇರಿಸಲು ಬರುತ್ತಿದ್ದ ತಂದೆಯರಲ್ಲಿ ಅರ್ಧದಷ್ಟು ಜನ ಓದಿಸಿ ಎಂದು ಬರುತ್ತಿರಲಿಲ್ಲ, ಸರಿಮಾಡಿ ಎಂದು ಬರುತ್ತಿದ್ದರು. ಒಬ್ಬ ರೀಲಿಂಗ್ ಮಾಡುವವರು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಮುಗಿಸಿಕೊಂಡು ನೇರ ಬಂದು, ಮಗನನ್ನು ಬಾಗಿಲ ಹೊರಗೆ ನಿಲ್ಲಿಸಿ, "ಮೂಳೆ ಒಂದು ಮುರೀಬೇಡಿ, ಮಿಕ್ಕಿದ್ದು ನಿಮ್ಮಿಷ್ಟ" ಎಂದಿದ್ದರು. ಹುಡುಗನಿಗೆ ಕೇಳಿಸಿತ್ತು. ನಾನು ನಕ್ಕಿದ್ದೆ.

ಏನು ಅಪರಾಧ ಆ ಹುಡುಗರದು? ಒಬ್ಬ ಬೀಡಿ ಸೇದಿದ್ದ. ಒಬ್ಬ ಮನೆಯಿಂದ ಹಣ ತೆಗೆದಿದ್ದ. ಒಬ್ಬನಿಗೆ ಅಕ್ಷರ ಕಣ್ಣಿಗೆ ಸರಿಯಾಗಿ ಹತ್ತುತ್ತಿರಲಿಲ್ಲ. ಈಗ ಡಿಸ್ಲೆಕ್ಸಿಯಾ ಎನ್ನುತ್ತಾರಲ್ಲ, ಅದಿರಬಹುದು, ನಾವು ಕೊಬ್ಬು ಎಂದೆವು. ಇನ್ನೊಬ್ಬ ಅಪ್ಪ ಅವ್ವನಿಗೆ ಹೊಡೆಯುವುದನ್ನು ತಡೆಯಲು ಅಡ್ಡ ಹೋಗಿದ್ದ. ಇಂಥ ಹುಡುಗರನ್ನೆಲ್ಲ ಒಂದೇ ಡಾರ್ಮಿಟರಿಯಲ್ಲಿ ಸಾಲಾಗಿ ಮಲಗಿಸಿ, ಬೆಳಗಿನ ಐದಕ್ಕೆ ಎಬ್ಬಿಸಿ, ವಿಭೂತಿ ಹಚ್ಚಿಸಿ ಪ್ರಾರ್ಥನೆ ಹೇಳಿಸಿದರೆ ಸರಿಹೋಗುತ್ತಾರೆ ಎಂದು ನಾವು ನಂಬಿದ್ದೆವು.

ಹನ್ನೆರಡನೆಯ ಶತಮಾನದ ಒಬ್ಬ ಹುಡುಗನ ಕಥೆ ನಮಗೆಲ್ಲ ಬಾಯಿಪಾಠ. ಎಂಟನೆಯ ವಯಸ್ಸಿಗೆ ಉಪನಯನ ಒಲ್ಲೆ ಎಂದ, ತಂದೆಯ ಮಾತು ಮೀರಿದ, ಬಾಗೇವಾಡಿಯ ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದ. ಇಂದು ನಮ್ಮ ಕಡೆ ಹುಟ್ಟಿದ್ದರೆ ಆ ಹುಡುಗನನ್ನು ಎಲ್ಲಿಗೆ ಸೇರಿಸುತ್ತಿದ್ದೆವು? ಅವನ ಹೆಸರಿನಲ್ಲೇ ನಡೆಯುವ ಯಾವುದಾದರೂ ಬಿಗಿಯಾದ ಹಾಸ್ಟೆಲಿಗೆ ಸೇರಿಸುತ್ತಿದ್ದೆವು. ಮನೆ ಬಿಟ್ಟು ಹೊರಟ ಉಡುತಡಿಯ ಮಹಾದೇವಿಯನ್ನು ಎಲ್ಲಿ ಕೂಡಿಹಾಕುತ್ತಿದ್ದೆವೋ ಯೋಚಿಸಲೂ ಭಯ. ಪ್ರಶ್ನೆ ಕೇಳಿದವರ ಪರಂಪರೆ ನಮ್ಮದು ಎಂದು ಭಾಷಣ ಮಾಡುತ್ತೇವೆ. ಪ್ರಶ್ನೆ ಕೇಳಿದ ಹದಿನಾಲ್ಕರ ಹುಡುಗನ ಕೈಗೆ ಪೊರಕೆ ಕೊಟ್ಟು ಕಕ್ಕಸು ತೊಳೆಸುತ್ತೇವೆ. ಇದು ಉತ್ಪ್ರೇಕ್ಷೆಯಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೇ ಇಳಿಸಿದ್ದು ನಾಡಿಗೆಲ್ಲ ಗೊತ್ತಾಯಿತು. 2025ರಲ್ಲಿ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯ ವೇದಪಾಠಶಾಲೆಯಲ್ಲಿ ಪುಟ್ಟ ಹುಡುಗನೊಬ್ಬನನ್ನು ಶಿಕ್ಷಕ ನೆಲಕ್ಕೆ ಕೆಡವಿ ಒದ್ದ ವಿಡಿಯೋ ನೀವೂ ನೋಡಿರುತ್ತೀರಿ. ಆ ಮಗು ಮಾಡಿದ ತಪ್ಪು, ಮನೆಗೆ ಅಜ್ಜಿಗೆ ಫೋನ್ ಮಾಡಿದ್ದು.

ಮಗು ಅಜ್ಜಿಗೆ ಫೋನ್ ಮಾಡಿದ್ದು ತಪ್ಪಾಗುವ ಜಾಗದಲ್ಲಿ ಬೆಳೆದವನು ಇಪ್ಪತ್ತೈದನೇ ವಯಸ್ಸಿನಲ್ಲಿ ಕಷ್ಟ ಬಂದಾಗ ಯಾರಿಗೆ ಫೋನ್ ಮಾಡುತ್ತಾನೆ? ಕಷ್ಟ ಹೇಳಿಕೊಂಡರೆ ಏಟು ಬೀಳುತ್ತದೆ ಎಂಬ ಪಾಠವನ್ನು ನಾವು ಚೆನ್ನಾಗಿ ಕಲಿಸಿದೆವು. ಅದು ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಮರೆತುಹೋಗುವ ಪಾಠವಲ್ಲ.

ಹಳೆಯ ವಿದ್ಯಾರ್ಥಿಗಳ ಸಾವನ್ನು ಎಣಿಸುವ ಕೆಲಸ ಹೊಸದೇನಲ್ಲ. ಕೆನಡಾ ದೇಶದಲ್ಲಿ ಮೂಲನಿವಾಸಿಗಳ ಮಕ್ಕಳನ್ನು 'ತಿದ್ದಲು' ಸರ್ಕಾರದ ಹಣದಲ್ಲಿ ಚರ್ಚುಗಳು ವಸತಿ ಶಾಲೆ ನಡೆಸುತ್ತಿದ್ದವು. ಒಟ್ಟು ಸುಮಾರು 1,50,000 ಮಕ್ಕಳು ಅವುಗಳಲ್ಲಿದ್ದು ಹೋದರು. 1907ರಲ್ಲಿ ಡಾ. ಪೀಟರ್ ಬ್ರೈಸ್ ಎಂಬ ಸರ್ಕಾರಿ ವೈದ್ಯಾಧಿಕಾರಿ ಆ ಶಾಲೆಗಳ ಮುಖ್ಯಸ್ಥರಿಗೆ ಒಂದು ಸರಳ ಪ್ರಶ್ನೆ ಕೇಳಿದರು: ನಿಮ್ಮಲ್ಲಿಗೆ ಬಂದ ಮಕ್ಕಳು ಈಗ ಏನಾಗಿದ್ದಾರೆ? ಲೆಕ್ಕ ಸಿಕ್ಕ 1,537 ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಸತ್ತುಹೋಗಿದ್ದರು, ಬಹುಪಾಲು ಕ್ಷಯದಿಂದ. ಕಟ್ಟುನಿಟ್ಟಾಗಿ ಲೆಕ್ಕ ಇಟ್ಟಿದ್ದ ಒಂದು ಶಾಲೆಯಲ್ಲಂತೂ ಓದಿ ಹೋದವರಲ್ಲಿ ನೂರಕ್ಕೆ 69 ಮಂದಿ ಬದುಕಿರಲಿಲ್ಲ. ಸರ್ಕಾರ ವರದಿಯನ್ನು ಮೂಲೆಗೆ ಹಾಕಿತು. ಬ್ರೈಸ್ ಕೆಲಸದಿಂದ ಹೊರಬಿದ್ದ ಮೇಲೆ 1922ರಲ್ಲಿ ಅದನ್ನೆಲ್ಲ ಒಂದು ಕಿರುಪುಸ್ತಕ ಮಾಡಿ ಹೊರತಂದರು. ಆ ದೇಶದ ಸತ್ಯಶೋಧನಾ ಆಯೋಗ ತನ್ನ ಕೊನೆಯ ವರದಿ ಕೊಡುವ ಹೊತ್ತಿಗೆ 2015 ಆಗಿತ್ತು.

ಈ ಲೆಕ್ಕದಲ್ಲಿ ನನ್ನನ್ನು ಕಾಡುವುದು 69 ಎಂಬ ಸಂಖ್ಯೆಯೊಂದೇ ಅಲ್ಲ. ಲೆಕ್ಕವನ್ನು ಸರಿಯಾಗಿ ಇಟ್ಟ ಶಾಲೆಯೇ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡಿತಲ್ಲ, ಅದು. ಲೆಕ್ಕ ಇಡದವು ಒಳ್ಳೆಯವಾಗಿ ಉಳಿದವು. ನಮ್ಮ ಆಡಳಿತ ಮಂಡಳಿಗಳ ಭಯದ ಮೂಲವೂ ಇದೇ. ಬರೆದಿಟ್ಟರೆ ಕಾಣುತ್ತದೆ, ಬರೆಯದಿದ್ದರೆ ಇಲ್ಲ.

ಅಮೆರಿಕದಲ್ಲಿ ನಮ್ಮ ಬಿಗಿ ಹಾಸ್ಟೆಲುಗಳಂಥವೇ ದೊಡ್ಡ ವ್ಯಾಪಾರವಾಗಿ ಬೆಳೆದವು: ದಾರಿ ತಪ್ಪಿದ ಹದಿಹರೆಯದವರನ್ನು ತಿದ್ದುವ ಶಾಲೆಗಳು, ಕಾಡಿನ ಶಿಬಿರಗಳು. ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2007ರಲ್ಲಿ ಅಂಥ ಕಡೆ ಸತ್ತ 10 ಮಕ್ಕಳ ಪ್ರಕರಣಗಳನ್ನು ಕೆದಕಿ ನೋಡಿತು. ತರಬೇತಿಯಿಲ್ಲದ ಸಿಬ್ಬಂದಿ, ಸಾಲದ ಊಟ, 'ನಾಟಕ ಆಡ್ತಾನೆ' ಎಂದು ಕಾಯಿಲೆಯನ್ನು ಕಡೆಗಣಿಸಿದ್ದು, ಇವೇ ಮತ್ತೆ ಮತ್ತೆ ಕಂಡವು. ಒಳಗೆ ಸತ್ತವರ ಲೆಕ್ಕವಾದರೂ ಹೀಗೆ ಸಿಕ್ಕಿತು. ಹೊರಬಂದ ಮೇಲೆ ಮದ್ದು, ಕುಡಿತ, ಆತ್ಮಹತ್ಯೆಗಳಲ್ಲಿ ಹೋದವರ ಹೆಸರನ್ನು ಬರೆದಿಟ್ಟವರು ಸರ್ಕಾರವಲ್ಲ, ಬದುಕುಳಿದ ಸಹಪಾಠಿಗಳು. ಅಂಥವರು ವರ್ಷಗಟ್ಟಲೆ ಕೂಗಾಡಿದ ಮೇಲೆ 2024ರ ಡಿಸೆಂಬರಿನಲ್ಲಿ ಅಲ್ಲಿ ಒಂದು ಕಾನೂನು ಬಂತು. ಅದು ಮೊದಲು ಮಾಡಹೊರಟದ್ದೇನು ಗೊತ್ತೆ? ಇಂಥ ಸಂಸ್ಥೆಗಳಲ್ಲಿ ಏನಾಗುತ್ತಿದೆ ಎಂಬ ಅಧ್ಯಯನ, ಲೆಕ್ಕ.

ನಮ್ಮ ದೇಶದ ಲೆಕ್ಕಕ್ಕೆ ಬನ್ನಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ವಿದ್ಯಾರ್ಥಿಗಳು 13,044. ಆದರೆ ಶಾಲೆ ಬಿಟ್ಟ ಮಾರನೆಯ ದಿನದಿಂದ ಹುಡುಗ ವಿದ್ಯಾರ್ಥಿ ಎಂಬ ಕಲಮಿನಲ್ಲಿ ಬರುವುದಿಲ್ಲ. ಕ್ವಾರಿಗೆ ಹೋದರೆ ಕೂಲಿಯವನು, ಮನೆಯಲ್ಲಿ ಕೂತರೆ ನಿರುದ್ಯೋಗಿ, ತೋಟ ನೋಡಿಕೊಂಡರೆ ಕೃಷಿಕ. ಎಲ್ಲಿ ಓದಿದ, ಎಂಥ ಹಾಸ್ಟೆಲಿನಲ್ಲಿದ್ದ ಎಂಬ ಕಲಮು ಆ ಪಟ್ಟಿಯಲ್ಲಿಲ್ಲ. ನನ್ನ ಏಳು ಹುಡುಗರು ಆರೇಳು ಬೇರೆ ಬೇರೆ ಕಲಮುಗಳಲ್ಲಿ ಚದುರಿಹೋಗಿದ್ದಾರೆ.

ಕಾನೂನು ಇಲ್ಲವೆ? ಇದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ತನ್ನ ವಶದಲ್ಲಿರುವ ಮಗುವಿಗೆ ಹಿಂಸೆ ಕೊಡುವವನಿಗೆ ಶಿಕ್ಷೆ ವಿಧಿಸುತ್ತದೆ. ಮಗುವನ್ನು ನೋಡಿಕೊಳ್ಳುವ ಸಂಸ್ಥೆಯ ನೌಕರನೋ ಆಡಳಿತಗಾರನೋ ಆಗಿದ್ದರೆ ಅದು ಐದು ವರ್ಷದ ಕಠಿಣ ಸಜೆಗೆ ಏರಬಹುದು. ಶಿಕ್ಷಣ ಹಕ್ಕು ಕಾಯ್ದೆಗೆ ಮಾತ್ರ 2012ರಲ್ಲಿ ಒಂದು ತಿದ್ದುಪಡಿ ಬಂದು ಮದರಸಾ, ವೇದಪಾಠಶಾಲೆ, ಮುಖ್ಯವಾಗಿ ಧರ್ಮ ಬೋಧಿಸುವ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟರು. ಈ ಬಾಗಿಲಿಂದ ನುಸುಳುವವರು ನಮ್ಮಲ್ಲೂ ಇದ್ದಾರೆ. ವೈದಿಕವನ್ನು ಒಪ್ಪುವುದಿಲ್ಲ ಎಂದು ಬೀದಿಯಲ್ಲಿ ಹೇಳಿ, ವೇದಪಾಠಶಾಲೆಗೆ ಕೊಟ್ಟ ರಿಯಾಯಿತಿಯಲ್ಲಿ ಗುರುಕುಲದ ಹೆಸರಿಟ್ಟುಕೊಂಡು ಆಶ್ರಯ ಪಡೆಯುವುದು ಯಾವ ಶರಣತತ್ವ?

ಇನ್ನೊಂದು ನೋಡಿ. ಸರ್ಕಾರದ ಬಾಲಮಂದಿರದಿಂದ 18 ತುಂಬಿ ಹೊರಬರುವ ಮಗುವಿಗೆ ಅದೇ ಬಾಲನ್ಯಾಯ ಕಾಯ್ದೆ 21 ವರ್ಷದವರೆಗೆ ನಂತರದ ಆರೈಕೆ ಎಂದು ಒಂದು ಏರ್ಪಾಟು ಮಾಡಿದೆ. ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದು ಬೇರೆ ಮಾತು, ಆಲೋಚನೆಯಾದರೂ ಇದೆ. ನಮ್ಮ ಹಾಸ್ಟೆಲುಗಳಿಂದ ಹೊರಬರುವ ಹುಡುಗನಿಗೆ ಸಿಗುವುದು ಟಿ.ಸಿ., ಜೊತೆಗೆ ಒಂದು ಗ್ರೂಪ್ ಫೋಟೋ, ಅದೂ ಹಣ ಕಟ್ಟಿದ್ದರೆ.

'ಮಠಗಳನ್ನು ಇದರಲ್ಲಿ ಯಾಕೆ ಎಳೆದುತರುತ್ತೀರಿ' ಎಂದು ಕೇಳುವವರು ಇರುತ್ತಾರೆ. ಮಠಗಳಿಲ್ಲದಿದ್ದರೆ ಈ ಪತ್ರಿಕೆ ಓದಲು ಬರುವವರೇ ನಮ್ಮಲ್ಲಿ ಅರ್ಧ ಜನ ಇರುತ್ತಿರಲಿಲ್ಲ. ಅದನ್ನು ಮರೆತರೆ ಕೃತಘ್ನನಾಗುತ್ತೇನೆ. 1907ರಲ್ಲಿ ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಮಗು ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳಾಗಿ, ಹತ್ತು ಸಾವಿರದಷ್ಟು ಮಕ್ಕಳಿಗೆ ಜಾತಿ ಕೇಳದೆ ಅನ್ನ ಅಕ್ಷರ ಕೊಟ್ಟು, 2019ರಲ್ಲಿ 111ರ ವಯಸ್ಸಿಗೆ ಲಿಂಗೈಕ್ಯರಾದರು. ಅಷ್ಟು ದೊಡ್ಡ ದಾಸೋಹ ಕಂಡ ಮಣ್ಣಿನವರೇ ದಾಸೋಹ ಮತ್ತು ದಂಡನೆಗೆ ವ್ಯತ್ಯಾಸ ಹೇಳಬೇಕು, ಬೇರೆ ಯಾರು ಹೇಳುತ್ತಾರೆ? ಆ ಹೆಸರನ್ನು ಬೋರ್ಡಿನ ಮೇಲೆ ಬರೆಸಿಕೊಂಡು ಒಳಗೆ ಮಕ್ಕಳ ಫೋನು, ಪತ್ರ, ಅಳು ಎಲ್ಲವನ್ನೂ ತಡೆಹಿಡಿಯುವ ಬಾಡಿಗೆ ಕಟ್ಟಡಗಳು ಹೆಚ್ಚುತ್ತಿವೆ.

ಚಿತ್ರದುರ್ಗದ ಮಾತು ಎತ್ತದೆ ಮುಂದೆ ಹೋದರೆ ಹೇಡಿತನವಾಗುತ್ತದೆ. 2022ರ ಆಗಸ್ಟಿನಲ್ಲಿ ಅಲ್ಲಿಯ ಮಠದ ಹಾಸ್ಟೆಲಿನ ಹೆಣ್ಣುಮಕ್ಕಳ ದೂರು ದಾಖಲಾಯಿತು. ಆ ಪ್ರಕರಣದಲ್ಲಿ 2025ರ ನವೆಂಬರಿನಲ್ಲಿ ಅಲ್ಲಿಯ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಅಪರಾಧದ ನಿರ್ಣಯ ನ್ಯಾಯಾಲಯದ್ದು, ನನ್ನದಲ್ಲ. ನಾನು ಕೇಳುವುದು ಒಂದನ್ನೇ. ತಮ್ಮ ಮಾತು ಹೇಳಿಕೊಳ್ಳಲು ಆ ಮಕ್ಕಳು ಮೈಸೂರಿನ ಒಡನಾಡಿ ಸಂಸ್ಥೆಯವರೆಗೆ ಹೋಗಬೇಕಾಯಿತಲ್ಲ! ನಡುವೆ ನಮ್ಮ ಎಷ್ಟು ಮಠ, ಎಷ್ಟು ಅಕ್ಕನ ಬಳಗ, ಎಷ್ಟು ಬಸವ ಕೇಂದ್ರಗಳಿದ್ದವು? ಒಂದರಲ್ಲೂ ಕಿವಿ ಇದೆ ಎಂದು ಅವರಿಗೆ ಅನ್ನಿಸಲಿಲ್ಲ.

ಇನ್ನು 'ನಾವೂ ಏಟು ತಿಂದೇ ಬೆಳೆದವರು, ನಮಗೇನಾಗಿದೆ' ಎಂಬ ಮಾತು. ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಮೈಕು ಹಿಡಿದವರೆಲ್ಲ ಹೇಳುವ ಮಾತಿದು. ನಾನೂ ಹೇಳಿದ್ದೇನೆ, ಚಪ್ಪಾಳೆ ಬಿದ್ದಿದೆ. ಏನೂ ಆಗದವರು ಸಮ್ಮೇಳನಕ್ಕೆ ಬರುತ್ತಾರೆ, ಆದವರು ಬರುವುದಿಲ್ಲ. ಸತ್ತವರು ಮೈಕು ಹಿಡಿಯುವುದಿಲ್ಲ. ಬಂದವರನ್ನು ಎಣಿಸಿ ಶಾಲೆ ಒಳ್ಳೆಯದೆನ್ನುವುದು, ರಾಮನಗರದ ಮಾರುಕಟ್ಟೆಗೆ ಬಂದ ಗೂಡು ನೋಡಿ ನಾಡಿನಲ್ಲಿ ಒಂದು ಹುಳುವೂ ಸಾಯಲಿಲ್ಲ ಎಂದಂತೆ. ಗೂಡು ಬೆಳೆಯುವವರಿಗೆ ಗೊತ್ತು, ಚಂದ್ರಿಕೆ ಹತ್ತದೆ ಎಷ್ಟು ಹುಳ ತಿಪ್ಪೆಗೆ ಹೋದವು ಎಂದು.

'ಹಾಗಾದರೆ ಹುಡುಗರನ್ನು ಹಾಳಾಗಲು ಬಿಡಬೇಕೆ' ಎನ್ನುತ್ತೀರಿ. ಬಿಡಬೇಡಿ. ಆದರೆ ಕುಡಿಯುವ ಅಪ್ಪನನ್ನು ಮನೆಯಲ್ಲಿಟ್ಟುಕೊಂಡು ಹೆದರಿದ ಮಗನನ್ನು ಹಾಸ್ಟೆಲಿಗೆ ಹಾಕುವುದಕ್ಕೆ ತಿದ್ದುವುದು ಎನ್ನಬೇಡಿ. ನಮ್ಮ ಕಡೆ ಒಂದು ಕಾಲದಲ್ಲಿ ರೇಷ್ಮೆ ಫಿಲೇಚರುಗಳಲ್ಲಿ, ಟ್ವಿಸ್ಟಿಂಗ್ ಮಿಷನ್ನುಗಳ ಮುಂದೆ ಸಣ್ಣ ಮಕ್ಕಳು ಸಾಲಕ್ಕೆ ಒತ್ತೆಯಾಗಿ ದುಡಿಯುತ್ತಿದ್ದರು. ಆಗಲೂ ಹಿರಿಯರು ಹೇಳುತ್ತಿದ್ದುದು, ಕೆಲಸ ಕಲಿಯುತ್ತಾನೆ, ಬುದ್ಧಿ ಬರುತ್ತದೆ ಎಂದೇ. ಬಿಸಿನೀರಿನಲ್ಲಿ ಬೆಂದ ಆ ಬೆರಳುಗಳನ್ನು ಯಾರೂ ಬುದ್ಧಿಯ ಗುರುತೆಂದು ಈಗ ತೋರಿಸುವುದಿಲ್ಲ.

ನಾನು ಕೇಳುವುದು ಬಹಳವಲ್ಲ. ನಮ್ಮ ನಾಲ್ಕು ತಾಲ್ಲೂಕಿನ ಮಠಗಳು, ಮಠದ ಹೆಸರು ಹೇಳಿಕೊಳ್ಳುವ ಟ್ರಸ್ಟುಗಳು, ತಮ್ಮ ಹಾಸ್ಟೆಲಿನಿಂದ ಹೊರಹೋದ ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಖಾಲಿ ಕಲಮು ಇಡಲಿ. ವರ್ಷಕ್ಕೊಮ್ಮೆ ಯಾರಾದರೂ ಒಬ್ಬರು ಫೋನ್ ಮಾಡಿ 'ಹೇಗಿದ್ದೀಯಪ್ಪ' ಎಂದು ಕೇಳಲಿ, ಉತ್ತರವನ್ನು ಅಲ್ಲಿ ಬರೆಯಲಿ. ಐದು ವರ್ಷ ಮಾಡಿದರೂ ಸಾಕು. ಸತ್ತಿದ್ದರೆ ಸತ್ತ ಎಂದು, ಹೇಗೆ ಎಂದು ಬರೆಯಲಿ. ಅರ್ಧದಲ್ಲಿ ಬಿಟ್ಟು ಓಡಿಹೋದವರ ಹೆಸರನ್ನು ಹೊಡೆದುಹಾಕಬೇಡಿ. ಮೊದಲು ಹುಡುಕಬೇಕಾದವರು ಅವರು. ಸರಿಮಾಡಿ ಎಂದು ಕರೆತಂದ ಮಗುವನ್ನು ಸೇರಿಸಿಕೊಳ್ಳುವ ಮೊದಲು ಅಪ್ಪ ಹೊರಗೆ ಕೂರಲಿ, ಮಗು ಒಳಗೆ ಮಾತಾಡಲಿ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು ಕೊಟ್ಟ ಆದೇಶದಂತೆ 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಅರ್ಹ ಆಪ್ತಸಮಾಲೋಚಕರು ಇರಲೇಬೇಕು. ನಮ್ಮ ಎಷ್ಟು ಸಂಸ್ಥೆಗಳಲ್ಲಿದ್ದಾರೆ? ಲಕ್ಷಗಟ್ಟಲೆ ಖರ್ಚು ಮಾಡಿ ಮಹಾದ್ವಾರ ಕಟ್ಟಿಸುತ್ತೇವೆ, ಒಬ್ಬರಿಗೆ ಸಂಬಳ ಕೊಡಲು ಹಣವಿಲ್ಲ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿಮಾನಸ್ 14416. ಈ ಎರಡು ಸಂಖ್ಯೆಯನ್ನು ಮಗು ಮಲಗುವ ಕೋಣೆಯ ಗೋಡೆಯ ಮೇಲೆ ಬರೆಸಿ, ಪಕ್ಕದಲ್ಲಿ ಒಂದು ಫೋನ್ ಇಡಿ, ವಾರ್ಡನ್ ರೂಮಿನಲ್ಲಲ್ಲ.

ಮಠದ ಹೆಸರು ಕೆಡುತ್ತದೆ ಎಂದು ಪೂಜ್ಯರಲ್ಲಿ ಯಾರಾದರೂ ಅಂದುಕೊಂಡರೆ, ಆ ಹಿರಿಯರಿಗೆ ಹೇಳಿದ್ದನ್ನೇ ಅವರಿಗೂ ಕೈಮುಗಿದು ಹೇಳುತ್ತೇನೆ: ಸೇರಿಸಿಕೊಳ್ಳುವಾಗ ಈ ಮಗು ಮಠದ ಮಗು ಎಂದಿರಿ, ಆ ಮಾತಿಗೆ ಟಿ.ಸಿ. ತಾರೀಖಿನ ಗಡುವು ಹಾಕಿರಲಿಲ್ಲ.

ಚನ್ನಪಟ್ಟಣದ ಆ ತಾಯಿ ಅಂದು ಹೊರಡುವಾಗ ಇನ್ನೊಂದು ಕೇಳಿದರು. "ಮೇಷ್ಟ್ರೇ, ಅಲ್ಲಿ ಅವನು ಅಳ್ತಿದ್ನ?" ಅಳುತ್ತಿದ್ದ. ಮೊದಲ ಇಡೀ ವರ್ಷ, ದೀಪ ಆರಿದ ಮೇಲೆ. ಇಲ್ಲ ಎಂದು ಹೇಳಿ ಬಂದೆ. ಈ ಪತ್ರಿಕೆ ಅವರ ಊರಿನ ಮಠಕ್ಕೂ ಬರುತ್ತದೆ. ಓದಿದರೆ ಆಗ ಕೊಡಬೇಕಿದ್ದ ಉತ್ತರ ಈಗ ಸಿಗುತ್ತದೆ.

ಮುಂದಿನ ಹುಣ್ಣಿಮೆಯ ಶಿವಾನುಭವ ಗೋಷ್ಠಿಗೆ ನನ್ನ ಹಾಜರಿ ಪುಸ್ತಕ ತರುತ್ತೇನೆ. ಕೊನೆಯ ಹಾಳೆಯಲ್ಲಿ ಏಳು ಹೆಸರಿನ ಕೆಳಗೆ ಜಾಗವಿದೆ. ನಿಮಗೆ ಗೊತ್ತಿರುವ ಹುಡುಗನೋ ಹುಡುಗಿಯೋ ಇದ್ದರೆ, ಯಾವ ಹಾಸ್ಟೆಲಿನಲ್ಲಿದ್ದರು, ಯಾವ ವರ್ಷ ಬಿಟ್ಟರು, ಯಾವ ವರ್ಷ ಹೋದರು, ಇಷ್ಟು ತಿಳಿದುಕೊಂಡು ಬನ್ನಿ. ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಊರೊಂದೇ ಬರೆದುಕೊಳ್ಳುತ್ತೇನೆ.